ಸಹಾಯ ಬೇಕು: ಬೇಟೆ ಮಾಂಸದ ಖೀಮಾಗೆ 12ನೇ ನಂಬರ್ ಗ್ರೈಂಡರ್ ಸಾಕೇ, 22 ಬೇಕೇ?

ಒಂದು ಸಲಕ್ಕೆ 25ರಿಂದ 30 ಕಿಲೋ ಜಿಂಕೆ ಮಾಂಸ, ವರ್ಷಕ್ಕೆ ಎರಡು ಮೂರು ಬಾರಿ. ಇಷ್ಟು ಕೆಲಸಕ್ಕೆ ಮನೆಯಲ್ಲಿಡುವ ಮಷಿನ್ ಬೇಕು. ನಂಬರ್ ಎಂದರೆ ಗ್ರೈಂಡರಿನ ಗಾತ್ರ: 12ನೇ ನಂಬರಿನ ಜಾಲರಿ ಬಿಲ್ಲೆಯ (ಮಾಂಸ ಹೊರಬರುವ ತೂತಿನ ತಟ್ಟೆ) ಅಡ್ಡಳತೆ ಸುಮಾರು 70 ಮಿ.ಮೀ., 22ರದ್ದು ಸುಮಾರು 82. ಬಾಯಿ ದೊಡ್ಡದಾದರೆ ಮಾಂಸ ಹೆಚ್ಚುವ ಕೆಲಸ ಕಡಿಮೆ, ಆದರೆ ಮಷಿನ್ ಎತ್ತುವುದು, ತೊಳೆಯುವುದು ಕಷ್ಟ.

ಮುಖ್ಯ ತೊಂದರೆ ಮಾಂಸದ ಮೇಲಿನ ಬಿಳಿ ಪೊರೆಯದು. ಅದು ಬ್ಲೇಡಿಗೆ ಸುತ್ತಿಕೊಂಡರೆ ಮಾಂಸ ಕತ್ತರಿಸುವುದಿಲ್ಲ, ಜಜ್ಜಿ ಮುದ್ದೆಯಾಗುತ್ತದೆ. ಬ್ಲೇಡಿನ ಚಪ್ಪಟೆ ಮುಖ ಬಿಲ್ಲೆಗೆ ಸರಿಯಾಗಿ ಕೂರದಿದ್ದರೂ ಇದೇ ಗತಿ. ಹಾಗಾಗಿ ಪೊರೆ ಬಿಡಿಸಿ, ಗುಂಡು ತಗುಲಿದ ಭಾಗವನ್ನು ಸುತ್ತಲೂ ಧಾರಾಳವಾಗಿ ಕತ್ತರಿಸಿ ಎಸೆದು (ಸೀಸದ ಚೂರು ಕಣ್ಣಿಗೆ ಕಾಣುವುದಿಲ್ಲ), ಅಂಚು ಗಟ್ಟಿಯಾಗುವವರೆಗೆ ಫ್ರೀಜರಿನಲ್ಲಿಟ್ಟು ಅರೆಯುವ ಯೋಚನೆ. ಮೊದಲು 10 ಮಿ.ಮೀ. ತೂತಿನ ಬಿಲ್ಲೆ, ನಂತರ ಶೇ. 15ರಷ್ಟು ಹಂದಿ ಕೊಬ್ಬು ಬೆರೆಸಿ 4.5 ಮಿ.ಮೀ.

ಬಳಸಿ ಗೊತ್ತಿದ್ದವರು ದಯವಿಟ್ಟು ತಿಳಿಸಿ: ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ವಾಟ್ ಮೋಟರ್ ಸಿಕ್ಕಿಕೊಂಡಾಗಿನ ಗರಿಷ್ಠ ಲೆಕ್ಕವಾಗಿರುವುದೇ ಹೆಚ್ಚು, ಸತತವಾಗಿ ಅರ್ಧ ಗಂಟೆ ಓಡಲು ನಿಜವಾಗಿ ಎಷ್ಟು ವಾಟ್ ಬೇಕು? ಲೋಹದ ಗೇರ್ ಇರುವ 12ನೇ ನಂಬರ್ ಬಾಳಿಕೆ ಬರುತ್ತದೆಯೇ? ಅಲ್ಯೂಮಿನಿಯಂ ತಲೆ (ಮಾಂಸ ಹಾದುಹೋಗುವ ಮುಂಭಾಗ) ಡಿಶ್‌ವಾಷರಿನಲ್ಲಿ ಕಪ್ಪಾಗುವುದರಿಂದ ಸ್ಟೀಲ್ ಕಡೆಗೇ ಒಲವಿದೆ.