ಕೋಚ್ ಹೇಳುವ ನಿಯಮ ಪುಸ್ತಕದಲ್ಲಿ ಇಲ್ಲದಿದ್ದಾಗ: ಸಾಫ್ಟ್‌ಬಾಲ್ ಅಂಪೈರುಗಳ ಅನುಭವ ಹಂಚಿಕೆ

ಪ್ರಶ್ನೆ, ಡಲ್ಲಾಸ್ ಸಮೀಪದಿಂದ

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಹಾಸನದಲ್ಲಿ. ಕ್ರಿಕೆಟ್ ಬಿಟ್ಟರೆ ಬೇರೆ ಯಾವ ಚೆಂಡಾಟದ ನಿಯಮವನ್ನೂ ಓದಿದವನಲ್ಲ. ಮಗಳು ಹನ್ನೆರಡು ವರ್ಷದೊಳಗಿನವರ ಫಾಸ್ಟ್‌ಪಿಚ್ ಸಾಫ್ಟ್‌ಬಾಲ್ (ಬೇಸ್‌ಬಾಲನ್ನು ಹೋಲುವ, ಚೆಂಡನ್ನು ಕೈ ಕೆಳಗಿನಿಂದ ವೇಗವಾಗಿ ಎಸೆಯುವ ಆಟ) ಆಡತೊಡಗಿದ ಮೇಲೆ, ಲೀಗಿನಲ್ಲಿ ಅಂಪೈರುಗಳು ಸಾಲುತ್ತಿಲ್ಲವೆಂದು ತಿಳಿದು, ತರಬೇತಿ ಮುಗಿಸಿ, ಈ ವಸಂತದಿಂದ ಅವಳ ತಂಡ ಆಡದ ಪಂದ್ಯಗಳಿಗೆ ನಿಲ್ಲುತ್ತಿದ್ದೇನೆ.

ಕಳೆದ ಶನಿವಾರ ಒಬ್ಬ ಬ್ಯಾಟರ್ ಪೂರ್ತಿಯಾಗಿ ಬೀಸಿದಳು. ಒಳಕ್ಕೆ ತೂರಿ ಬಂದ ಚೆಂಡು ಬ್ಯಾಟಿಗೆ ತಾಗದೆ ಅವಳ ಬೆರಳುಗಳಿಗೆ ಬಡಿದು, ಚೆಂಡೆಸೆದ ಪಿಚರ್ ಕಡೆಗೆ ಉರುಳಿತು. ನಾನು ಎರಡೂ ಕೈ ಎತ್ತಿ ಡೆಡ್ ಬಾಲ್ (ಆಟ ಅಲ್ಲಿಗೇ ನಿಂತಿತು) ಎಂದು ಕೂಗಿ, ಸ್ಟ್ರೈಕ್ ಕೊಟ್ಟೆ; ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್. ಅವಳ ಕೋಚ್ ಓಡಿ ಬಂದು ‘ಚೆಂಡು ಮೈಗೆ ಬಿದ್ದಿದೆ, ಫಸ್ಟ್ ಬೇಸ್ ಕೊಡಿ’ ಎಂದರು, ಎಂದರೆ ಓಟದ ದಾರಿಯ ಮೊದಲ ನಿಲ್ದಾಣವನ್ನು ಅವಳಿಗೆ ಪುಕ್ಕಟೆ ಕೊಡಿ ಎಂದು. ಅವರ ಮಾತು ಮುಗಿಯುವ ಮೊದಲೇ ಎದುರಾಳಿ ಕೋಚ್ ಬಂದು ‘ಕೈ ಎಂದರೆ ಬ್ಯಾಟಿನ ಭಾಗ, ನಮ್ಮ ಪಿಚರ್ ಚೆಂಡೆತ್ತಿ ಫಸ್ಟ್‌ಗೆ ಎಸೆದಿದ್ದಾಳೆ, ಆದ್ದರಿಂದ ಔಟ್’ ಎಂದು ವಾದಿಸಿದರು. ನನ್ನ ತೀರ್ಪು ಸರಿಯೆಂದು ಆಗಲೂ ಗೊತ್ತಿತ್ತು, ಆದರೆ ಇಬ್ಬರೂ ಅಷ್ಟು ಖಚಿತವಾಗಿ ಮಾತನಾಡುತ್ತಿದ್ದರೆ ನನ್ನ ದನಿಯೇ ಏಳಲಿಲ್ಲ. ಆಟ ಹತ್ತು ನಿಮಿಷ ನಿಂತಿತು. ತಿಳಿ ನೀಲಿ ಅಂಗಿ ತೊಟ್ಟ ಅಂಪೈರುಗಳನ್ನು ಇಲ್ಲಿ ಹೆಸರು ಹಿಡಿಯದೆ ‘ಬ್ಲೂ’ ಎಂದೇ ಕರೆಯುತ್ತಾರಲ್ಲ, ಅಂದು ಆ ಪದವನ್ನು ಎಷ್ಟು ಬಗೆಯ ರಾಗದಲ್ಲಿ ಕೇಳಿದೆನೋ ಲೆಕ್ಕವಿಲ್ಲ. ಇಂಥ ಸಂದರ್ಭವನ್ನು ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ನ್ಯೂಜೆರ್ಸಿಯಿಂದ, ಹದಿನಾಲ್ಕು ವರ್ಷಗಳಿಂದ ಅಂಪೈರ್

ನಿಮ್ಮ ತೀರ್ಪು ಅಕ್ಷರಶಃ ಸರಿಯಾಗಿತ್ತು. ಕೈ ಮೈಯ ಭಾಗವೇ ಹೊರತು ಬ್ಯಾಟಿನದಲ್ಲ. ಬೀಸುತ್ತಿರುವಾಗ ಚೆಂಡು ಕೈಗೆ ಬಡಿದರೆ ಆ ಕ್ಷಣವೇ ಚೆಂಡು ಸತ್ತಂತೆ, ಬೀಸಿದ್ದಕ್ಕೆ ಸ್ಟ್ರೈಕ್. ಬೀಸದೆ ನಿಂತಿದ್ದು, ಚೆಂಡು ಸ್ಟ್ರೈಕ್ ವಲಯದ (ಬ್ಯಾಟರ್ ಹೊಡೆಯಬಲ್ಲ ಎತ್ತರ, ಅಗಲದ ಜಾಗದ) ಹೊರಗಿದ್ದಿದ್ದರೆ ಮಾತ್ರ ಫಸ್ಟ್ ಬೇಸಿನ ಪ್ರಶ್ನೆ ಏಳುತ್ತಿತ್ತು. ನಿಮ್ಮ ದನಿ ಏಳದಿರುವುದಕ್ಕೆ ನನಗೆ ಇನ್ನೊಂದು ಕಾರಣವೂ ಕಾಣುತ್ತದೆ. ಕ್ರಿಕೆಟ್ಟಿನಲ್ಲಿ ಬ್ಯಾಟ್ ಹಿಡಿದ ಕೈಯನ್ನು, ಕೈಗವಸನ್ನು ಬ್ಯಾಟಿನ ಭಾಗವೆಂದೇ ಪರಿಗಣಿಸುತ್ತಾರೆ. ಗ್ಲವ್ಸ್‌ಗೆ ತಾಗಿದ ಚೆಂಡನ್ನು ಕೀಪರ್ ಹಿಡಿದರೆ ಔಟ್ ಎಂಬುದನ್ನು ನಾವು ಗಲ್ಲಿಯಲ್ಲೇ ಕಲಿತವರು. ಆ ಕೋಚ್ ಹೇಳಿದ ತಪ್ಪು, ನಮ್ಮ ಮನಸ್ಸಿನ ಯಾವುದೋ ಮೂಲೆಗೆ ಸರಿಯೆನಿಸಿಬಿಡುತ್ತದೆ. ನನಗೂ ಮೊದಲ ವರ್ಷ ಹಾಗೆಯೇ ಆಗಿತ್ತು.

ಕೋಚ್ ನನ್ನತ್ತ ಬರುವಾಗ ನಾನು ಮೊದಲು ಮಾಡುವ ಕೆಲಸವೆಂದರೆ ಅವರ ದೂರು ಯಾವ ಜಾತಿಯದು ಎಂದು ವಿಂಗಡಿಸುವುದು. ನಾನು ಕಂಡದ್ದರ ಬಗ್ಗೆ, ಎಂದರೆ ಚೆಂಡು ಮೊದಲು ಬಂತೋ ರನ್ನರ್ ಮೊದಲು ಬಂದಳೋ, ಸ್ಟ್ರೈಕೋ ಬಾಲೋ (ಆ ವಲಯದ ಹೊರಗಿನ ಎಸೆತವೋ) ಎಂಬುದರ ಬಗ್ಗೆ ತಕರಾರಿದ್ದರೆ ಅಲ್ಲಿ ಚರ್ಚೆಗೆ ಅವಕಾಶವಿಲ್ಲ. ಕಂಡದ್ದಕ್ಕೆ ನಾನು ಅನ್ವಯಿಸಿದ ನಿಯಮದ ಬಗ್ಗೆ ತಕರಾರಿದ್ದರೆ ಅದು ಅವರ ಹಕ್ಕು. ಮುಂದಿನ ಪಿಚ್‌ಗೆ, ಎಂದರೆ ಎಸೆತಕ್ಕೆ, ಮೊದಲು ಅವರು ಪ್ರೊಟೆಸ್ಟ್ (ಅಧಿಕೃತ ಆಕ್ಷೇಪಣೆ) ದಾಖಲಿಸಬಹುದು. ಆದ್ದರಿಂದ ನಾನು ನೇರವಾಗಿ ಕೇಳುತ್ತೇನೆ: ‘ನಾನು ಏನು ಕಂಡೆ ಎಂದು ಕೇಳುತ್ತಿದ್ದೀರೋ, ನಿಯಮ ಏನು ಎಂದು ಕೇಳುತ್ತಿದ್ದೀರೋ?’ ಅರ್ಧಕ್ಕರ್ಧ ವಾದಗಳು ಈ ಪ್ರಶ್ನೆಯಲ್ಲೇ ತಣ್ಣಗಾಗುತ್ತವೆ, ಏಕೆಂದರೆ ಸಿಟ್ಟಿನಲ್ಲಿ ಬಂದವರು ಉತ್ತರ ಹುಡುಕಲು ಒಂದು ಕ್ಷಣ ನಿಲ್ಲಲೇಬೇಕಾಗುತ್ತದೆ. ಆನಂತರ ನಿಯಮದ ಭಾಷೆಯಲ್ಲಿ ಒಂದೇ ವಾಕ್ಯ: ‘ಬೀಸಿದಳು, ಚೆಂಡು ಕೈಗೆ ತಗುಲಿತು, ಡೆಡ್ ಬಾಲ್, ಸ್ಟ್ರೈಕ್.’ ಎರಡನೆಯ ವಾಕ್ಯ ಸೇರಿಸಿದರೆ ಅದಕ್ಕೊಂದು ಪ್ರತಿವಾದ ಹುಟ್ಟುತ್ತದೆ. ಇಬ್ಬರು ಕೋಚ್‌ಗಳು ಒಟ್ಟಿಗೆ ಬಂದರೆ ಒಬ್ಬರನ್ನು ಕೈಸನ್ನೆಯಿಂದ ಡಗ್‌ಔಟ್ ಹತ್ತಿರವೇ ನಿಲ್ಲಿಸಿ ಒಬ್ಬೊಬ್ಬರನ್ನೇ ಕೇಳಿಸಿಕೊಳ್ಳಿ. ಅಂದು ನಿಮ್ಮ ಹತ್ತು ನಿಮಿಷಗಳನ್ನು ತಿಂದದ್ದು ಬಹುಶಃ ನಿಯಮವಲ್ಲ, ಆ ಇಬ್ಬರ ಪರಸ್ಪರ ವಾದ.

ಪ್ರೊಟೆಸ್ಟ್ ಎಂಬ ಪದ ಕೇಳಿ ಮುಖ ಗಂಟಿಕ್ಕಬೇಡಿ. ಎಷ್ಟನೇ ಇನಿಂಗ್, ಎಷ್ಟು ಔಟ್, ಬ್ಯಾಟರ್‌ನ ಎಣಿಕೆ (ಬಾಲ್, ಸ್ಟ್ರೈಕ್‌ಗಳ ಲೆಕ್ಕ) ಎಷ್ಟು, ಯಾವ ಯಾವ ಬೇಸಿನಲ್ಲಿ ಯಾರು ಎಂಬುದನ್ನು ಸ್ಕೋರರ್‌ಗೆ ಹೇಳಿ ಬರೆಸಿ, ಎದುರಾಳಿ ಕೋಚ್‌ಗೂ ತಿಳಿಸಿ, ಆಟ ಮುಂದುವರಿಸಿ. ಇಷ್ಟು ವರ್ಷಗಳಲ್ಲಿ, ಬರೆಸಲು ಪೆನ್ನು ತೆಗೆದ ಕೂಡಲೇ ಹಿಂದೆ ಸರಿದವರನ್ನೇ ನಾನು ಹೆಚ್ಚು ಕಂಡಿದ್ದೇನೆ. ನಿಯಮ ಪುಸ್ತಕವನ್ನು ಮಾತ್ರ ಕಾರಿನಲ್ಲೇ ಬಿಡಿ. ಮೈದಾನದಲ್ಲಿ ಪುಟ ತಿರುವುವ ಅಂಪೈರನ್ನು ಕಂಡರೆ ಪ್ರತಿ ಇನಿಂಗ್‌ನಲ್ಲೂ ಪುಟ ತಿರುವಿಸುವ ಆಸೆ ಕೋಚ್‌ಗಳಲ್ಲಿ ಹುಟ್ಟುತ್ತದೆ.

ಕ್ಯಾಲಿಫೋರ್ನಿಯಾದ ಬೇ ಏರಿಯಾದಿಂದ, ಹಿಂದೆ ಕೋಚ್ ಆಗಿದ್ದವಳು

ನಾನು ಎದುರು ಬದಿಯಿಂದ ಬರೆಯುತ್ತಿದ್ದೇನೆ, ಏಕೆಂದರೆ ತಪ್ಪು ನಿಯಮವನ್ನು ಎದೆತಟ್ಟಿ ಹೇಳಿದ ಕೋಚ್ ನಾನೇ ಆಗಿದ್ದೆ.

ನಮ್ಮ ಹುಡುಗಿ ಥರ್ಡ್ ಬೇಸಿನಲ್ಲಿದ್ದಳು. ಬ್ಯಾಟರ್ ಚೆಂಡನ್ನು ಹೊಡೆದು ಫಸ್ಟ್ ಬೇಸ್ ತಲುಪಿದಳು, ಚೆಂಡು ಪಿಚರ್ ಕೈಗೆ ಮರಳಿತು, ಪಿಚರ್ ತಾನು ಎಸೆಯುವ ಜಾಗದ ಸುತ್ತ ಗೀಚಿದ ವೃತ್ತದೊಳಗೆ ನಿಂತು ಬೆನ್ನು ತಿರುಗಿಸಿ ತನ್ನ ಕೂದಲು ಸರಿಮಾಡಿಕೊಳ್ಳುತ್ತಿದ್ದಳು. ನಮ್ಮ ಹುಡುಗಿ ಬೇಸಿನಿಂದ ನಾಲ್ಕು ಹೆಜ್ಜೆ ಆಚೆ ನಿಂತು, ಹೋಗಲೋ ಬೇಡವೋ ಎಂದು ಕುಣಿಯುತ್ತಿದ್ದಳು. ಅಂಪೈರ್ ಆಕೆಯನ್ನು ಔಟ್ ಎಂದರು. ನಾನು ಓಡಿದೆ. ‘ಪಿಚರ್ ಅವಳತ್ತ ನೋಡಲೇ ಇಲ್ಲ, ನೋಡದಿದ್ದರೆ ಈ ನಿಯಮ ಹೇಗೆ ಅನ್ವಯಿಸುತ್ತದೆ?’ ಎಂದೆ. ಆ ನಿಯಮದ ಹೆಸರೇ ‘ಲುಕ್ ಬ್ಯಾಕ್’ ಆಗಿರುವಾಗ ಪಿಚರ್ ಹಿಂತಿರುಗಿ ನೋಡಬೇಕೆಂದು ನಾನು ಭಾವಿಸಿದ್ದರಲ್ಲಿ ಆಶ್ಚರ್ಯವೇನಿದೆ? ವಾಸ್ತವದಲ್ಲಿ ಎಂಟು ಅಡಿ ತ್ರಿಜ್ಯದ ಆ ವೃತ್ತದಲ್ಲಿ ಚೆಂಡು ಪಿಚರ್ ಹಿಡಿತದಲ್ಲಿದ್ದರೆ ಸಾಕು. ಬೇಸಿನಾಚೆ ನಿಂತುಬಿಟ್ಟ ರನ್ನರ್ ತಕ್ಷಣವೇ ಮುಂದಕ್ಕೋ ಹಿಂದಕ್ಕೋ ಹೊರಡಬೇಕು, ಹೊರಡದಿದ್ದರೆ ಔಟ್. ಪಿಚರ್ ಎಸೆಯುವಂತೆ ಕೈಯೆತ್ತಿ ಹೆದರಿಸಿದರೆ ಮಾತ್ರ ರನ್ನರ್‌ಗೆ ಮತ್ತೆ ಸ್ವಾತಂತ್ರ್ಯ.

ಆ ಅಂಪೈರ್ ಮಾಡಿದ್ದನ್ನು ಇಂದಿಗೂ ಮರೆತಿಲ್ಲ. ಅವರು ಮುಖಕವಚ ತೆಗೆದು ಕಂಕುಳಲ್ಲಿಟ್ಟುಕೊಂಡು, ಮಕ್ಕಳಿಗೆ ಕೇಳಿಸದಷ್ಟು ದೂರಕ್ಕೆ ನಡೆದು, ನನ್ನ ಮಾತು ಮುಗಿಯುವವರೆಗೂ ಸುಮ್ಮನಿದ್ದು, ‘ಪಿಚರ್ ನೋಡಬೇಕಾಗಿಲ್ಲ ಕೋಚ್, ಚೆಂಡು ವೃತ್ತದಲ್ಲಿತ್ತು, ನಿಮ್ಮ ರನ್ನರ್ ನಿಂತಳು’ ಎಂದಷ್ಟೇ ಹೇಳಿದರು. ‘ನಿಮಗೆ ನಿಯಮ ಗೊತ್ತಿಲ್ಲ’ ಎಂದು ಅವರು ಹೇಳಲಿಲ್ಲ. ಹಾಗೆ ಹೇಳಿದ್ದರೆ, ನನ್ನ ತಂಡದ ಹನ್ನೆರಡು ಮಕ್ಕಳ ತಂದೆತಾಯಿಯರು ನೋಡುತ್ತಿರುವಾಗ, ನಾನು ಖಂಡಿತವಾಗಿಯೂ ಸೋಲೊಪ್ಪುತ್ತಿರಲಿಲ್ಲ.

ಕೋಚ್‌ಗಳಿಗೆ ಈ ತಪ್ಪು ತಿಳಿವಳಿಕೆ ಬರುವ ದಾರಿಯನ್ನೂ ಗಮನಿಸಿ. ಸಾಫ್ಟ್‌ಬಾಲ್ 1887ರಲ್ಲಿ ಷಿಕಾಗೋದಲ್ಲಿ ಒಳಾಂಗಣ ಬೇಸ್‌ಬಾಲ್ ಆಗಿಯೇ ಹುಟ್ಟಿದ ಆಟ. ಮಕ್ಕಳ ತಂಡಗಳಿಗೆ ತರಬೇತಿ ಕೊಡುವ ಅನೇಕ ಅಪ್ಪಂದಿರು ಬಾಲ್ಯದಲ್ಲಿ ಆಡಿದ್ದೂ ಟಿವಿಯಲ್ಲಿ ನೋಡುವುದೂ ಬೇಸ್‌ಬಾಲನ್ನೇ. ಅಲ್ಲಿ ಪಿಚ್‌ಗೆ ಮೊದಲೇ ಬೇಸ್ ಬಿಟ್ಟು ಮುಂದೆ ನಿಲ್ಲಬಹುದು. ನಮ್ಮ ಫಾಸ್ಟ್‌ಪಿಚ್‌ನಲ್ಲಿ ಚೆಂಡು ಪಿಚರ್ ಕೈ ಬಿಡುವವರೆಗೆ ಕದಲುವಂತಿಲ್ಲ. ಅಷ್ಟು ಸಾಲದೆಂಬಂತೆ, ಪ್ರೌಢಶಾಲೆಗೆ ಒಂದು ಪುಸ್ತಕ, ಕಾಲೇಜಿಗೆ ಒಂದು, ಯುಎಸ್‌ಎ ಸಾಫ್ಟ್‌ಬಾಲ್ ಎಂಬ ರಾಷ್ಟ್ರೀಯ ಸಂಸ್ಥೆಯದು ಒಂದು, ಅದರ ಮೇಲೆ ಸ್ಥಳೀಯ ಲೀಗಿನ ವಿನಾಯಿತಿಗಳು. ಹತ್ತು ವರ್ಷದೊಳಗಿನವರಿಗೆ ಕೈತಪ್ಪಿದ ಮೂರನೇ ಸ್ಟ್ರೈಕಿನ ಓಟವನ್ನೇ (ಆ ಚೆಂಡನ್ನು ಕ್ಯಾಚರ್ ಹಿಡಿಯದಿದ್ದಾಗ ಬ್ಯಾಟರ್ ಫಸ್ಟ್ ಬೇಸಿಗೆ ಓಡುವ ಅವಕಾಶವನ್ನೇ) ಕೆಲವು ಲೀಗುಗಳು ತೆಗೆದುಹಾಕಿರುತ್ತವೆ. ಕೋಚ್ ಹೇಳುತ್ತಿರುವುದು ಸುಳ್ಳಲ್ಲ, ಬೇರೆ ಪುಸ್ತಕದ ಸತ್ಯ ಎಂಬ ಸಂದರ್ಭವೂ ಉಂಟು. ‘ಅದು ಬೇರೆ ಲೀಗಿನ ನಿಯಮ, ಇಲ್ಲಿ ಹೀಗೆ’ ಎಂದರೆ ಅವರ ಮಾನವೂ ಉಳಿಯುತ್ತದೆ.

ದಾವಣಗೆರೆಯಿಂದ, ದೈಹಿಕ ಶಿಕ್ಷಣ ಉಪನ್ಯಾಸಕ

ಅಮೆರಿಕದವರ ಕಷ್ಟ ಒಂದು ಬಗೆಯದಾದರೆ ನಮ್ಮದು ಇನ್ನೊಂದು ಬಗೆಯದು. ನಮ್ಮಲ್ಲಿ ಶಾಲಾ ಕಾಲೇಜು ಸಾಫ್ಟ್‌ಬಾಲ್ ತಂಡದ ಕೋಚ್ ಎಂದರೆ ಖೋ ಖೋ, ಕಬಡ್ಡಿ, ವಾಲಿಬಾಲ್ ಎಲ್ಲವನ್ನೂ ಕಲಿಸುವ ದೈಹಿಕ ಶಿಕ್ಷಕರು. ಅಂಪೈರ್ ಆಗಿ ನಿಲ್ಲುವವನು ಎಷ್ಟೋ ಸಲ ಅವರದೇ ಹಳೆಯ ವಿದ್ಯಾರ್ಥಿ. ಗುರುಗಳು ‘ಏನೋ, ನಾನು ಕಲಿಸಿದ್ದು ಇದೇನಾ?’ ಎಂದು ಕೇಳಿದರೆ ಯಾವ ನಿಯಮ ಪುಸ್ತಕ ತಾನೇ ನೆರವಿಗೆ ಬಂದೀತು?

ಒಂದು ಪಂದ್ಯದಲ್ಲಿ ಫಸ್ಟ್ ಮತ್ತು ಸೆಕೆಂಡ್ ಬೇಸಿನಲ್ಲಿ ರನ್ನರ್‌ಗಳಿದ್ದು ಒಂದು ಔಟ್ ಆಗಿತ್ತು. ಬ್ಯಾಟರ್ ಹೊಡೆದ ಚೆಂಡು ಶಾರ್ಟ್‌ಸ್ಟಾಪ್‌ನ (ಸೆಕೆಂಡ್ ಮತ್ತು ಥರ್ಡ್ ಬೇಸಿನ ನಡುವೆ ನಿಲ್ಲುವ ಫೀಲ್ಡರ್‌ನ) ತಲೆಯ ಮೇಲೆ ಎತ್ತರಕ್ಕೆ ಹೋಯಿತು. ಸುಲಭದ ಕ್ಯಾಚ್, ನಾನು ‘ಇನ್‌ಫೀಲ್ಡ್ ಫ್ಲೈ, ಬ್ಯಾಟರ್ ಔಟ್’ ಎಂದು ಕೂಗಿದೆ. ಇಂಥ ಕ್ಯಾಚನ್ನು ಬೇಕೆಂದೇ ಬಿಟ್ಟು ಇಬ್ಬರನ್ನು ಔಟ್ ಮಾಡುವುದನ್ನು ತಡೆಯಲು, ಹಿಡಿದರೂ ಬಿಟ್ಟರೂ ಬ್ಯಾಟರ್ ಔಟ್ ಎನ್ನುವ ನಿಯಮವಿದು. ಹುಡುಗ ಕ್ಯಾಚ್ ಬಿಟ್ಟ. ಸೆಕೆಂಡ್ ಬೇಸಿನ ರನ್ನರ್ ಗಾಬರಿಯಿಂದ ಥರ್ಡ್‌ಗೆ ಓಡಿದ. ಚೆಂಡು ಅವನಿಗಿಂತ ಮೊದಲೇ ಥರ್ಡ್ ತಲುಪಿತು, ಫೀಲ್ಡರ್ ಬೇಸನ್ನು ತುಳಿದು ನಿಂತ, ಆದರೆ ರನ್ನರ್‌ನನ್ನು ಮುಟ್ಟಲಿಲ್ಲ. ಫೀಲ್ಡಿಂಗ್ ತಂಡದ ಕೋಚ್, ನನ್ನ ಗುರುಗಳು, ಡಬಲ್ ಪ್ಲೇ (ಒಂದೇ ಹೊಡೆತಕ್ಕೆ ಇಬ್ಬರು ಔಟ್) ಆಯಿತೆಂದು ಚಪ್ಪಾಳೆ ತಟ್ಟುತ್ತಾ ಮೈದಾನಕ್ಕೇ ಇಳಿದರು. ನಾನು ಸೇಫ್ ಎಂದೆ. ಬ್ಯಾಟರ್ ಆಗಲೇ ಔಟ್ ಆಗಿರುವುದರಿಂದ ಹಿಂದಿನಿಂದ ದೂಡುವವರು ಯಾರೂ ಉಳಿದಿರಲಿಲ್ಲ. ರನ್ನರ್ ಓಡಲೇಬೇಕೆಂಬ ಬಲವಂತವಿಲ್ಲದ ಮೇಲೆ ಅವನನ್ನು ಚೆಂಡಿನಿಂದ ಮುಟ್ಟಿಯೇ ಔಟ್ ಮಾಡಬೇಕು.

ಗುರುಗಳ ಮುಖ ಕೆಂಪಾಯಿತು. ನಾನು ಟೋಪಿ ತೆಗೆದು, ‘ಸರ್, ನೀವು ಹೇಳುವುದು ಬ್ಯಾಟರ್ ಔಟ್ ಆಗದಿದ್ದಾಗ ನೂರಕ್ಕೆ ನೂರು ಸರಿ. ಇಲ್ಲಿ ಬ್ಯಾಟರ್ ಮೊದಲೇ ಔಟ್ ಆಗಿದ್ದಾನೆ’ ಎಂದೆ. ಅವರು ಸ್ವಲ್ಪ ಹೊತ್ತು ಥರ್ಡ್ ಬೇಸನ್ನೇ ದಿಟ್ಟಿಸಿ, ‘ಹಾಗಾದರೆ ಆ ದಡ್ಡ ಮುಟ್ಟಬೇಕಿತ್ತು’ ಎಂದು ತಮ್ಮ ಫೀಲ್ಡರ್ ಕಡೆಗೆ ತಿರುಗಿದರು. ಪಾಪ, ಆ ಹುಡುಗನಿಗೆ ಬೈಗುಳ ಬಿತ್ತು.

ಪುಸ್ತಕದ ವಿಷಯದಲ್ಲಿ ನ್ಯೂಜೆರ್ಸಿಯವರ ಮಾತನ್ನು ನಾನು ಒಪ್ಪಲಾರೆ. ಇಲ್ಲಿ ಎಷ್ಟೋ ಶಿಕ್ಷಕರ ಕೈಗೆ ಪುಸ್ತಕವೇ ಸಿಕ್ಕಿರುವುದಿಲ್ಲ. ಪಂದ್ಯಕ್ಕೆ ಮುಂಚೆ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಬಳಿ ಎರಡೂ ಕೋಚ್‌ಗಳನ್ನು ಕರೆದು, ಇನ್‌ಫೀಲ್ಡ್ ಫ್ಲೈ, ಕೈತಪ್ಪಿದ ಮೂರನೇ ಸ್ಟ್ರೈಕ್, ಫಸ್ಟ್ ಬೇಸಿನ ಬಿಳಿ (ಫೀಲ್ಡರ್‌ಗೆ) ಮತ್ತು ಕಿತ್ತಳೆ (ಓಡಿ ಬರುವ ಬ್ಯಾಟರ್‌ಗೆ) ಭಾಗಗಳು, ಈ ಮೂರನ್ನು ಪುಸ್ತಕ ತೆರೆದೇ ಓದಿಬಿಡುತ್ತೇನೆ. ಆಟ ಶುರುವಾದ ಮೇಲೆ ಪುಸ್ತಕ ಚೀಲ ಸೇರುತ್ತದೆ. ಇನ್ನು ‘ಚೆಂಡು, ರನ್ನರ್ ಸಮಸಮ ಬಂದರೆ ರನ್ನರ್‌ಗೇ ಕೊಡಬೇಕು’ ಎಂಬ ವಾದಕ್ಕೆ ಬೇಸ್‌ಬಾಲ್‌ನ ನೆರವೂ ನಮಗೆ ಬೇಕಾಗಿಲ್ಲ; ಸಂಶಯದ ಲಾಭ ಬ್ಯಾಟ್ಸ್‌ಮನ್‌ಗೆ ಎಂಬ ಕ್ರಿಕೆಟ್ ಮಾತು ನಮ್ಮ ರಕ್ತದಲ್ಲೇ ಇದೆ. ಅದಕ್ಕೆ ನನ್ನ ಉತ್ತರ, ‘ಸಮಸಮ ಆಗಲಿಲ್ಲ ಸರ್, ಚೆಂಡು ಮೊದಲು ಬಂತು.’ ಕಂಡದ್ದನ್ನು ಹೇಳಬೇಕು, ತತ್ತ್ವದ ಚರ್ಚೆಗೆ ಇಳಿಯಬಾರದು.

ಮೆಲ್ಬರ್ನ್‌ನಿಂದ

ಚಿಕ್ಕದೊಂದು ಸೇರ್ಪಡೆ. ಕೋಚ್ ತಪ್ಪೆಂದು ಭಾವಿಸುವ ಮೊದಲು ನನ್ನ ತಲೆಯಲ್ಲಿರುವುದು ಪುಸ್ತಕದ ನಿಯಮವೋ ಕೇಳಿ ಕಲಿತದ್ದೋ ಎಂದು ನೋಡಿಕೊಳ್ಳುವುದನ್ನು ನಾನು ಕಷ್ಟಪಟ್ಟು ಕಲಿತೆ. ಫೀಲ್ಡರ್ ಎಸೆದ ಚೆಂಡು ಮೈದಾನದ ಹೊರಗೆ ಹೋದಾಗ ರನ್ನರ್‌ಗೆ ‘ಹೋಗುತ್ತಿದ್ದ ಬೇಸ್, ಅದರ ಮೇಲೊಂದು’ ಎಂದು ನಾನು ಎರಡು ವರ್ಷ ತೀರ್ಪು ಕೊಟ್ಟಿದ್ದೆ. ಒಂದು ದಿನ ಒಬ್ಬ ಕೋಚ್ ಸಮಾಧಾನವಾಗಿ, ಚೆಂಡು ಫೀಲ್ಡರ್ ಕೈ ಬಿಟ್ಟಾಗ ರನ್ನರ್ ಎಲ್ಲಿದ್ದಳೋ ಅಲ್ಲಿಂದ ಎರಡು ಬೇಸ್ ಅಲ್ಲವೇ ಎಂದು ಕೇಳಿದರು. ನಾನು ಸಹ ಅಂಪೈರನ್ನು ಕರೆದು ಕೇಳಿದೆ, ಅವರು ತಲೆಯಾಡಿಸಿದರು, ಇಬ್ಬರು ಕೋಚ್‌ಗಳ ಎದುರಿಗೇ ‘ನಾನು ತಪ್ಪಿದೆ’ ಎಂದು ಹೇಳಿ ರನ್ನರ್‌ನನ್ನು ಸರಿಯಾದ ಬೇಸಿಗೆ ಕಳಿಸಿದೆ. ಆ ಪಂದ್ಯದಲ್ಲಿ ಮತ್ತೆ ಯಾರೂ ನನ್ನೊಡನೆ ಜಗಳಕ್ಕೆ ಬರಲಿಲ್ಲ.

ಡಲ್ಲಾಸ್ ಸಮೀಪದಿಂದ, ಪ್ರಶ್ನೆ ಕೇಳಿದವನು

ಎಲ್ಲರಿಗೂ ಕೃತಜ್ಞತೆಗಳು. ಈ ಶನಿವಾರದ ವರದಿ ಒಪ್ಪಿಸುತ್ತೇನೆ. ‘ಕೈ ಬ್ಯಾಟಿನ ಭಾಗ’ ಎಂದಿದ್ದ ಕೋಚ್‌ರ ತಂಡವೇ ಮತ್ತೆ ನನ್ನ ಪಾಲಿಗೆ ಬಂತು. ನಾಲ್ಕನೇ ಇನಿಂಗ್‌ನಲ್ಲಿ ಎದುರಾಳಿ ಬ್ಯಾಟರ್ ಫಸ್ಟ್ ಬೇಸನ್ನು ದಾಟಿ ಓಡಿ, ಎಡಕ್ಕೆ ತಿರುಗಿ, ನಿಧಾನವಾಗಿ ನಡೆದು ಮರಳುತ್ತಿದ್ದಳು. ಅವರ ಫೀಲ್ಡರ್ ಅವಳನ್ನು ಚೆಂಡಿನಿಂದ ಮುಟ್ಟಿದಳು, ನಾನು ಸೇಫ್ ಎಂದೆ, ‘ಎಡಕ್ಕೆ ತಿರುಗಿದರೆ ಔಟ್!’ ಎನ್ನುತ್ತಾ ಅವರು ಬಂದರು. ಕಂಡದ್ದನ್ನು ಕೇಳುತ್ತಿದ್ದೀರೋ ನಿಯಮವನ್ನೋ ಎಂದು ಕೇಳಿದೆ. ಅವರು ಒಂದು ಕ್ಷಣ ತಡೆದು ನಿಯಮ ಎಂದರು. ‘ಯಾವ ಕಡೆಗೆ ತಿರುಗಿದರೂ ಆದೀತು ಕೋಚ್. ಅವಳು ಸೆಕೆಂಡ್‌ಗೆ ಹೊರಡಲಿಲ್ಲ’ ಎಂದೆ. ಪ್ರೊಟೆಸ್ಟ್ ಮಾಡುವಿರಾ ಎಂದು ಸ್ಕೋರರ್ ಕಡೆ ಕೈ ತೋರಿಸಿದೆ. ಬೇಡವೆಂದು ಕೈಯಾಡಿಸಿ, ‘ನಾನು ಆಡುತ್ತಿದ್ದಾಗ ಹೀಗಿರಲಿಲ್ಲ’ ಎಂದು ಗೊಣಗುತ್ತಾ ಡಗ್‌ಔಟ್‌ಗೆ ಮರಳಿದರು.

ಅವರಿಗೆ ಮನವರಿಕೆಯಾದಂತೆ ಕಾಣಲಿಲ್ಲ. ಆದರೆ ಮುಂದಿನ ಪಿಚ್ ಅರ್ಧ ನಿಮಿಷದೊಳಗೆ ಬಂತು.