ಪದಚರ್ಚೆ: ‘ಆರಾಧನೆ’ ಅಂದರೆ ಯಾರದು, ಎಷ್ಟು ಹೊತ್ತಿನದು?

ಎಲ್ಲರಿಗೂ ನಮಸ್ಕಾರ.

ಹೋದ ಶ್ರಾವಣದ ಮಾತು. ಧಾರವಾಡದ ನಮ್ಮ ಓಣಿಯಲ್ಲಿ ಭಾನುವಾರ ಬೆಳಿಗ್ಗೆ ಮನೆಗೆ ಬೀಗ ಹಾಕಿ ಹೊರಟಿದ್ದೆ. ಎದುರು ಮನೆಯ ಆಚಾರ್ಯರು ಕಟ್ಟೆಯ ಮೇಲೆ ಕೂತಿದ್ದರು. “ಎಲ್ಲಿ ಹೊಂಟ್ರಿ?” ಅಂದರು. “ಆರಾಧನೆಗೆ” ಅಂದೆ. ಪಂಚಾಂಗ ಬಾಯಿಪಾಠ ಇರುವವರು ಅವರು, ಹುಬ್ಬು ಗಂಟಿಕ್ಕಿದರು. “ರಾಯರ ಆರಾಧನಿಗೆ ಇನ್ನೂ ನಾಕ್ ದಿವಸ ಅದ. ಇವತ್ತ ಯಾರ್ದು?” ನಾನು ನಕ್ಕು, “ಯೇಸುಸ್ವಾಮಿದು ರೀ” ಅಂದೆ. ಅವರು ಗಂಭೀರವಾಗಿಯೇ ಕೇಳಿದರು: “ಅವರ್ದು ಶುಕ್ರವಾರ ಅಲ್ಲೇನು?”

ಒಂದು ಗಳಿಗೆ ನನಗೆ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಅವರ ಮನೆಮಾತಿನಲ್ಲಿ ಆರಾಧನೆ ಅಂದರೆ ಮೊದಲು ನೆನಪಾಗುವುದು ಯತಿಗಳು ವೃಂದಾವನಸ್ಥರಾದ ತಿಥಿ. ರಾಘವೇಂದ್ರ ಸ್ವಾಮಿಗಳದು ಶ್ರಾವಣ ಬಹುಳ ಬಿದಿಗೆ, ಹಿಂದೊಂದು ದಿನ ಪೂರ್ವಾರಾಧನೆ, ಮುಂದೊಂದು ದಿನ ಉತ್ತರಾರಾಧನೆ. ತಿರುವೈಯಾರಿನ ತ್ಯಾಗರಾಜರ ಆರಾಧನೆಯೂ ಪುಷ್ಯ ಬಹುಳ ಪಂಚಮಿಗೆ ಬರುವ ಪುಣ್ಯತಿಥಿಯೇ. ಆ ಲೆಕ್ಕದಲ್ಲಿ ಯೇಸುವಿನ ಆರಾಧನೆ ಶುಕ್ರವಾರವೇ ಆಗಬೇಕು, ಅವರ ತರ್ಕದಲ್ಲಿ ಎಳ್ಳಷ್ಟೂ ತಪ್ಪಿಲ್ಲ. “ಹೋದದ್ದು ಶುಕ್ರವಾರ, ಎದ್ದು ಬಂದದ್ದು ಭಾನುವಾರ, ಅದಕ್ಕ ಭಾನುವಾರ” ಅಂದೆ. “ಹಂಗಾದ್ರ ಸರಿ” ಅಂದರು. ಕ್ರೈಸ್ತರು ಯೆಹೂದ್ಯರ ವಿಶ್ರಾಂತಿದಿನವಾದ ಶನಿವಾರದ ಸಬ್ಬತ್ತನ್ನು ಬಿಟ್ಟು ವಾರದ ಮೊದಲ ದಿನ ಕೂಡತೊಡಗಿದ್ದಕ್ಕೆ ಇದಕ್ಕಿಂತ ಚಿಕ್ಕ ವಿವರಣೆಯನ್ನು ನಾನು ಎಲ್ಲೂ ಕೇಳಿಲ್ಲ.

ಈ ಮಾತುಕತೆ ಮನಸ್ಸಿನಲ್ಲಿ ಉಳಿದಿರುವಾಗಲೇ ನಮ್ಮ ಚರ್ಚಿನ ಸಭೆಯ ಹುಡುಗರು ಹನ್ನೆರಡು ಪುಟದ ಒಂದು ಪುಸ್ತಿಕೆಯ ಕರಡು ತಂದುಕೊಟ್ಟರು, ತಿದ್ದಿಕೊಡಿ ಎಂದು. ವಿಷಯ: ಕ್ರೈಸ್ತ ಜೀವನದಲ್ಲಿ ಆರಾಧನೆ. ಎರಡನೇ ಪುಟದಲ್ಲೇ ಒಂದು ಸಾಲು: “ಆರಾಧನೆ ಮುಗಿದ ಮೇಲೆ ದೇವರ ವಾಕ್ಯ ಇರುತ್ತದೆ.” ನಾನು ಕೆಂಪು ಗೆರೆ ಎಳೆದೆ. ವಾಕ್ಯ ಅಂದರೆ ಬೈಬಲ್ ಓದುವುದು, ಪಾದ್ರಿಯ ಉಪದೇಶದ ಪ್ರಸಂಗ ಕೇಳುವುದು, ಕಾಣಿಕೆ ಹಾಕುವುದು, ರೊಟ್ಟಿ-ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ, ಇವೆಲ್ಲ ಸೇರಿಯೇ ತಾನೇ ಆರಾಧನೆ? ಕರಡು ಬರೆದ ಹುಡುಗ ಒಪ್ಪಲಿಲ್ಲ. “ಅಂಕಲ್, ಮೊದಲು ಸ್ತುತಿ, ಆಮೇಲೆ ಆರಾಧನೆ, ಆಮೇಲೆ ವಾಕ್ಯ” ಅಂದ. ಅವನ ಕಿವಿಗೆ ಸ್ತುತಿ ಅಂದರೆ ಚಪ್ಪಾಳೆಯ ಹಾಡು. ಆರಾಧನೆ ಅಂದರೆ ಕೀಬೋರ್ಡಿನವನು ಕೈ ನಿಧಾನ ಮಾಡಿ, ಎಲ್ಲರೂ ಕಣ್ಣು ಮುಚ್ಚಿ ಹಾಡುವ ಹಾಡು. ಅದನ್ನು ನಡೆಸುವವನು ‘ಆರಾಧನಾ ನಾಯಕ’, ಮಾತಿನಲ್ಲಿ ವರ್ಷಿಪ್ ಲೀಡರ್. ಪೆಂಟೆಕೋಸ್ಟಲ್ ಸಭೆಗಳಿಂದ ಬಂದ ಈ ಬಳಕೆ ಈಗ ನಮ್ಮಂಥ ಹಳೇ ಬಾಸೆಲ್ ಮಿಶನ್ ಮೂಲದ ಸಭೆಗಳ ಹುಡುಗರ ಬಾಯಲ್ಲೂ ನೆಲೆ ನಿಂತಿದೆ. ಒಂದೂವರೆ ಗಂಟೆಯ ಶಬ್ದ ಇಪ್ಪತ್ತು ನಿಮಿಷಕ್ಕೆ ಇಳಿಯಿತಲ್ಲ ಎಂದು ನನಗೆ ಸಂಕಟ. ಅವನಿಗೆ ನನ್ನ ಸಂಕಟವೇ ವಿಚಿತ್ರ.

ಕಥೋಲಿಕ ಗೆಳೆಯರಲ್ಲಿ ಕೇಳಿದರೆ ಮೂರನೆಯ ಅರ್ಥ ಸಿಕ್ಕಿತು. ಅವರು ಭಾನುವಾರ ಹೋಗುವುದು ‘ಪೂಜೆ’ಗೆ, ಬರಹದಲ್ಲಿ ‘ಬಲಿಪೂಜೆ’ಗೆ. ಮಂಗಳೂರು ಕಡೆಯ ಕೊಂಕಣಿಯವರಿಗೆ ಅದು ‘ಮೀಸ್’, ಪೋರ್ಚುಗೀಸರ ‘ಮಿಸ್ಸಾ’ದ ಮಗು. ಅವರಲ್ಲಿ ‘ಶುಕ್ರವಾರ ಸಂಜೆ ಆರಾಧನೆ ಇದೆ’ ಅಂದರೆ ಪರಮಪ್ರಸಾದವನ್ನು, ಅಂದರೆ ಪೂಜೆಯಲ್ಲಿ ಕ್ರಿಸ್ತನ ದೇಹವೆಂದು ಸ್ವೀಕರಿಸುವ ರೊಟ್ಟಿಯನ್ನು, ಪೀಠದ ಮೇಲಿಟ್ಟು ಅದರ ಮುಂದೆ ಮೊಣಕಾಲೂರಿ ಮೌನವಾಗಿ ಕೂರುವ ಹೊತ್ತು. ಪ್ರೊಟೆಸ್ಟೆಂಟರು ‘ಪೂಜೆ’ಯನ್ನು ಮುಟ್ಟಲಿಲ್ಲ, ಅದರಲ್ಲಿ ವಿಗ್ರಹದ ವಾಸನೆ ಬಂದಿತೋ ಏನೋ. ಆದರೆ ಅವರು ಹಿಡಿದುಕೊಂಡ ‘ಆರಾಧನೆ’ ಭೂತಾರಾಧನೆ, ನಾಗಾರಾಧನೆಗಳಲ್ಲೂ ಇದೆ ಎಂಬುದು ಆಗ ಯಾರಿಗೂ ಅಡ್ಡಿಯಾಗಿರಲಿಲ್ಲ. ಶಬ್ದಗಳ ಮಡಿ-ಮೈಲಿಗೆಗೆ ಲೆಕ್ಕವೇ ಇರುವುದಿಲ್ಲ.

ಪತ್ರಿಕೆಯವರಿಗೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪ್ರತಿ ಸೆಪ್ಟೆಂಬರ್ 8ರ, ಯೇಸುವಿನ ತಾಯಿ ಮರಿಯಮ್ಮನವರ ಹಬ್ಬದ ವರದಿಯಲ್ಲಿ ‘ಭಕ್ತರು ಮಾತೆಯನ್ನು ಆರಾಧಿಸಿದರು’ ಎಂಬ ಸಾಲು ಎಲ್ಲಾದರೂ ಕಣ್ಣಿಗೆ ಬೀಳುತ್ತದೆ. ಆರಾಧನೆ ದೇವರೊಬ್ಬನಿಗೆ, ಸಂತರಿಗೂ ಮಾತೆಗೂ ಸಲ್ಲುವುದು ಗೌರವ, ವಂದನೆ ಎಂದು ಕಥೋಲಿಕರು ಗೆರೆ ಎಳೆದು ಎಷ್ಟೋ ಕಾಲವಾಯಿತು. ಇದು ಕ್ರಿ.ಶ. 787ರ ಎರಡನೆಯ ನೈಸಿಯಾ ಮಹಾಸಭೆಯಷ್ಟು ಹಳೆಯ ವಿಂಗಡಣೆ. ಅಲ್ಲಿ ಜಗಳವಿದ್ದದ್ದು ಚಿತ್ರಪಟಗಳ ವಿಷಯಕ್ಕೆ. ಗ್ರೀಕಿನಲ್ಲಿ ಎರಡು ಬೇರೆ ಶಬ್ದ ಇದ್ದದ್ದರಿಂದ ಆ ಸಭೆಗೆ ಗೆರೆ ಎಳೆಯಲು ದಾರಿ ಸಿಕ್ಕಿತು. ನಮ್ಮ ವರದಿಗಾರರಿಗೆ ಒಂದೇ ಶಬ್ದ ಸಾಕಾಗಿದೆ.

ಇನ್ನು ಮೂಲಕ್ಕೆ ಬರುತ್ತೇನೆ. ನನ್ನ ತೊಡಕು ಇರುವುದು ಅಲ್ಲಿ.

ಬೈಬಲ್ಲಿನಲ್ಲಿ ಈ ಕೆಲಸಕ್ಕೆ ಮುಖ್ಯವಾಗಿ ಎರಡು ಬಗೆಯ ಶಬ್ದಗಳಿವೆ. ಒಂದು ಮೈಯದು. ಹೀಬ್ರೂವಿನಲ್ಲೂ ಗ್ರೀಕಿನಲ್ಲೂ ನೆಲಕ್ಕೆ ಬಾಗುವುದು, ಬೀಳುವುದು. ಗ್ರೀಕಿನ ‘ಪ್ರೊಸ್ಕುನೆಯೊ’ದೊಳಗೆ ಮುತ್ತಿಡುವ ಕ್ರಿಯೆಯೂ ಅಡಗಿದೆ. ಇದಕ್ಕೆ ಕನ್ನಡ ಬೈಬಲ್ಲಿನವರು ಅಪ್ಪಟ ಶಬ್ದ ಹಿಡಿದರು: ಅಡ್ಡಬೀಳು. ಮೂಡಣದಿಂದ ಬಂದ ಜೋಯಿಸರು ಕೂಸು ಯೇಸುವಿನ ಮುಂದೆ ಅಡ್ಡಬೀಳುತ್ತಾರೆ. ‘ನಮಸ್ಕರಿಸು’ ಅಂತ ಹಾಕಿದ್ದರೆ ಕೈಮುಗಿದು ನಿಂತಂತೆ ಆಗುತ್ತಿತ್ತು. ಸವದತ್ತಿ ಗುಡ್ಡದಲ್ಲಿ ದೀಡ ನಮಸ್ಕಾರ ಹಾಕುವವರನ್ನು ಕಂಡ ನಮ್ಮ ಕಡೆಯವರಿಗೆ ಅಡ್ಡಬೀಳುವುದು ಅಂದರೆ ಏನೆಂದು ಹೇಳಿಕೊಡಬೇಕಿಲ್ಲ. ತಮಾಷೆಯೆಂದರೆ, ನಮ್ಮ ಪುಸ್ತಕದಲ್ಲಿ ಪುಟಪುಟಕ್ಕೂ ಜನ ಅಡ್ಡಬೀಳುತ್ತಾರೆ, ನಮ್ಮ ದೇವಾಲಯದಲ್ಲಿ ಯಾರೂ ಬೀಳುವುದಿಲ್ಲ. ಬೆಂಚುಗಳು ಬಿಡುವುದಿಲ್ಲ.

ಇನ್ನೊಂದು ದುಡಿಮೆಯ ಶಬ್ದ. ಹೀಬ್ರೂವಿನ ‘ಅವೋದಾ’ ಇಸ್ರಾಯೇಲ್ಯರು ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಇಟ್ಟಿಗೆ ಮಾಡಿ ಸವೆದ ಬಿಟ್ಟಿ ಚಾಕರಿಗೂ ಅದೇ, ಮುಂದೆ ದೇವರ ಗುಡಾರದಲ್ಲೂ ದೇವಾಲಯದಲ್ಲೂ ಆ ಕೆಲಸಕ್ಕೇ ಮೀಸಲಾದ ಕುಲದ ಲೇವಿಯರು ಮಾಡಿದ ಸೇವೆಗೂ ಅದೇ. ಅಲ್ಲಿಯ ಅರಸ ಫರೋಹನಿಗೆ ಮಾಡುತ್ತಿದ್ದದ್ದನ್ನು ಬಿಟ್ಟು ದೇವರಿಗೆ ಮಾಡಲು ಹೊರಟರು ಎನ್ನುವುದೇ ಬೈಬಲ್ಲಿನ ವಿಮೋಚನಕಾಂಡದ ಕಥೆ; ದುಡಿಮೆ ಹೋಗಲಿಲ್ಲ, ಧಣಿ ಬದಲಾದ. ಗ್ರೀಕಿನ ‘ಲಾತ್ರೆಯಾ’ ಕೂಡ ಕೂಲಿಯಾಳಿನ ಊಳಿಗದಿಂದ ಬಂದದ್ದು. ಅಡವಿಯಲ್ಲಿ ಸೈತಾನನಿಗೆ ಯೇಸು ಕೊಟ್ಟ ಉತ್ತರದಲ್ಲಿ ಎರಡೂ ಒಟ್ಟಿಗೆ ಬರುತ್ತವೆ. ಕನ್ನಡದಲ್ಲಿ ಮೊದಲನೆಯದು ‘ಅಡ್ಡಬಿದ್ದು’, ಎರಡನೆಯದು ‘ಆರಾಧಿಸಬೇಕು’.

ಅಂದರೆ ನಮ್ಮ ‘ಆರಾಧಿಸು’ ನಿಂತಿರುವುದು ಊಳಿಗದ ಜಾಗದಲ್ಲಿ. ಹಾಗಾದರೆ ‘ಸೇವಿಸು’, ‘ಸೇವೆ ಮಾಡು’ ಏಕೆ ಬೇಡ ಎಂದು ನೀವು ಕೇಳಬಹುದು. ಗುಡಿಯಲ್ಲಿ ಸೇವಾ ಚೀಟಿ ಹರಿಸುವ ನಾಡಿನಲ್ಲಿ ಅದು ಸಲೀಸಾಗಿ ಕೂರುತ್ತಿತ್ತು. ಆದರೆ ಕ್ರೈಸ್ತರ ಕನ್ನಡದಲ್ಲಿ ‘ಸೇವೆ’ ಬೇರೆಯವರ ಪಾಲಾಯಿತು. ‘ಅವರು ಸೇವೆಯಲ್ಲಿದ್ದಾರೆ’ ಅಂದರೆ ಪಾದ್ರಿ ಕೆಲಸದಲ್ಲಿದ್ದಾರೆ, ಸುವಾರ್ತೆ ಸಾರುವವರು ಎಂದರ್ಥ. ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದ ನಾನು ‘ಸೇವೆ’ಯಲ್ಲಿರಲಿಲ್ಲ.

ಪುಸ್ತಿಕೆಯ ಪ್ರಾಣವಿರುವುದು ಮೊದಲ ಕಾಲದ ಕ್ರೈಸ್ತ ಬೋಧಕ ಪೌಲನು ರೋಮಿನವರಿಗೆ ಬರೆದ ಪತ್ರದ ಹನ್ನೆರಡನೆಯ ಅಧ್ಯಾಯದ ಮೊದಲ ವಚನದಲ್ಲಿ. ನಿಮ್ಮ ದೇಹಗಳನ್ನೇ ದೇವರಿಗೆ ಮೆಚ್ಚಿಗೆಯಾದ ಸಜೀವಯಜ್ಞವಾಗಿ ಕೊಡಿ, ಅದೇ ಆರಾಧನೆ ಅನ್ನುತ್ತಾನೆ. ದೇಹ ಅಂದರೆ ಇಡೀ ದಿನದ ಮನುಷ್ಯ. ಉಣ್ಣುವವನು, ಲೆಕ್ಕ ಬರೆಯುವವನು, ಸಂತೆಯಲ್ಲಿ ತೂಗುವವನು. ಈ ಸಾಲನ್ನು ಸಭೆಯಲ್ಲಿ ಓದಿದರೆ ಕೇಳುವವರ ಕಿವಿಯಲ್ಲಿ ಏನಾಗುತ್ತದೆ? ಹಿರಿಯರಿಗೆ ಭಾನುವಾರ ಬೆಳಿಗ್ಗೆ, ಹುಡುಗರಿಗೆ ಹಾಡು, ಕಥೋಲಿಕರಿಗೆ ಪರಮಪ್ರಸಾದ, ನಮ್ಮ ಆಚಾರ್ಯರಿಗೆ ಪುಣ್ಯತಿಥಿ. ಸೋಮವಾರ ಯಾರ ಕಿವಿಗೂ ಬೀಳುವುದಿಲ್ಲ. ಕರಡು ಬರೆದ ಹುಡುಗ ಇದಕ್ಕೆ ಮದ್ದಾಗಿ ‘ಬದುಕೇ ಆರಾಧನೆ’ ಎಂದು ದಪ್ಪಕ್ಷರದಲ್ಲಿ ಹಾಕಿದ್ದಾನೆ. ಗೋಡೆಗೆ ತೂಗುಹಾಕುವ ಕ್ಯಾಲೆಂಡರಿಗೆ ಸರಿ.

ಶಬ್ದವನ್ನೇ ಬದಲಿಸೋಣ ಎಂದು ಹೊರಟವನು ನಾನು. ಅದರ ಬೇರು ಕೆದಕಿದ ಮೇಲೆ ಮನಸ್ಸು ತಿರುಗಿತು.

ಸಂಸ್ಕೃತದ ‘ರಾಧ್’ ಧಾತುವಿಗೆ ಈಡೇರು, ಸಿದ್ಧಿಸು, ಗುರಿ ಮುಟ್ಟು ಎಂಬ ಅರ್ಥಗಳಿವೆ. ‘ಆ’ ಸೇರಿದರೆ ಆರಾಧನೆ: ಮೆಚ್ಚಿಸುವುದು, ಒಲಿಸಿಕೊಳ್ಳುವುದು, ಜೊತೆಗೆ ಸಾಧಿಸುವುದು. ಅದೇ ಧಾತುವಿಗೆ ‘ಅಪ’ ಸೇರಿದರೆ ಅಪರಾಧ. ಬಾಣ ಗುರಿಯಿಂದ ಜಾರಿದ ಬಿಲ್ಲುಗಾರನಿಗೆ ಅಮರಕೋಶದಲ್ಲಿ ‘ಅಪರಾದ್ಧಪೃಷತ್ಕ’ ಎಂಬ ಹೆಸರಿದೆ. ಈಗ ಹೊಸ ಒಡಂಬಡಿಕೆಯಲ್ಲಿ ಪಾಪಕ್ಕೆ ಬರುವ ಗ್ರೀಕ್ ಶಬ್ದ ‘ಹಮಾರ್ತಿಯಾ’ ನೋಡಿ. ಅದರ ಹಳೆಯ ಅರ್ಥವೂ ಗುರಿ ತಪ್ಪುವುದೇ, ಪ್ರಾಚೀನ ಗ್ರೀಕ್ ಕವಿ ಹೋಮರನಲ್ಲಿ ಈಟಿ ಎಸೆದು ತಪ್ಪುವವರಿಗೆಲ್ಲ ಅದರದೇ ಕ್ರಿಯಾಪದ. ಹೀಬ್ರೂವಿನಲ್ಲೂ ಹೀಗೇ: ಬೈಬಲ್ಲಿನ ನ್ಯಾಯಸ್ಥಾಪಕರ ಪುಸ್ತಕದಲ್ಲಿ ಕೂದಲೆಳೆಗೆ ಗುರಿಯಿಟ್ಟರೂ ಕವಣೆ ತಪ್ಪದ ಏಳುನೂರು ಮಂದಿ ಎಡಚರು ಬರುತ್ತಾರಲ್ಲ, ಅಲ್ಲಿಯ ‘ತಪ್ಪದ’ ಎಂಬ ಕ್ರಿಯಾಪದವೇ ಬೇರೆಡೆ ಪಾಪ ಮಾಡುವುದಕ್ಕೂ ಬರುತ್ತದೆ. ನಮ್ಮ ಕನ್ನಡ ಇವಕ್ಕೇನು ಹಿಂದೆ ಬಿದ್ದಿಲ್ಲ. ಗುರಿ ತಪ್ಪಿತು, ದಾರಿ ತಪ್ಪಿತು, ಬಸ್ ತಪ್ಪಿತು. ಕರ್ತನ ಪ್ರಾರ್ಥನೆಯಲ್ಲಿ ‘ನಮ್ಮ ತಪ್ಪುಗಳನ್ನು ಕ್ಷಮಿಸು’. ಒಂದಕ್ಕೊಂದು ಸಂಬಂಧವಿಲ್ಲದ ಭಾಷಾಕುಲಗಳು ಒಂದೇ ಬಿಲ್ಲುಗಾರನನ್ನು ನೋಡಿ ಮಾತು ಕಟ್ಟಿದಂತಿದೆ. ಅಪರಾಧ ತಪ್ಪಿದ ಬಾಣವಾದರೆ ಆರಾಧನೆ ನಾಟಿದ ಬಾಣ. ಕ್ರೈಸ್ತ ಕನ್ನಡಕ್ಕೆ ಈ ಜೋಡಿ ತಾನಾಗಿ ದಕ್ಕಿದೆ. ಎರಡನ್ನೂ ಒಟ್ಟಿಗಿಟ್ಟು ಯಾರಾದರೂ ಪ್ರಸಂಗ ಮಾಡಿದ್ದನ್ನು ನಾನು ಕೇಳಿಲ್ಲ.

ಇನ್ನೊಂದು ಸಾಕ್ಷಿ ನಮ್ಮ ಮನೆಯಲ್ಲೇ ಇದೆ: ವಡ್ಡಾರಾಧನೆ. ನಮಗೆ ಸಿಕ್ಕಿರುವ ಹಳೆಯ ಗದ್ಯಕೃತಿಯ ಹೆಸರಲ್ಲೇ ಈ ಶಬ್ದ ಕೂತಿದೆ, ಆದರೆ ಆ ಹತ್ತೊಂಬತ್ತು ಕಥೆಗಳು ಪೂಜೆ-ಪುನಸ್ಕಾರದ ಕಥೆಗಳಲ್ಲ. ಜೈನರಲ್ಲಿ ಆರಾಧನೆ ಅಂದರೆ ದರ್ಶನ, ಜ್ಞಾನ, ಚಾರಿತ್ರ, ತಪಸ್ಸು ಈ ನಾಲ್ಕನ್ನೂ ಬದುಕಿನಲ್ಲಿ, ಸಾಯುವ ಗಳಿಗೆಯಲ್ಲೂ ಕೈಬಿಡದೆ ಈಡೇರಿಸುವುದು. ನರಿ ಮೈ ಕಿತ್ತು ತಿನ್ನುತ್ತಿದ್ದರೂ ಸುಕುಮಾರಸ್ವಾಮಿ ಕದಲುವುದಿಲ್ಲ. ಅಲ್ಲಿ ಒಪ್ಪಿಸುವುದು ಹೂವನ್ನಲ್ಲ, ಮೈಯನ್ನು. ಪೌಲನ ‘ಸಜೀವಯಜ್ಞ’ ಓದುವಾಗ ನನಗೆ ಇದು ನೆನಪಾಗದೆ ಇರುವುದಿಲ್ಲ.

ಎರಡೂ ಒಂದೇ ಎಂದು ಹೇಳುತ್ತಿಲ್ಲ. ನಮ್ಮ ಸಭೆಯ ಹಿರಿಯರೊಬ್ಬರು ಈ ಮಾತು ಕೇಳಿ ತಕ್ಷಣ ತಡೆದರು: ಜೈನರದು ಸ್ವಂತ ಸಾಧನೆ, ಪೌಲನದು ಹಾಗಲ್ಲ, ‘ದೇವರ ಕನಿಕರದ ಕಾರಣದಿಂದ’ ಎಂದು ಶುರುಮಾಡಿಯೇ ಅವನು ಯಜ್ಞದ ಮಾತೆತ್ತುವುದು, ಮೊದಲು ಪಡೆದವರು ಆಮೇಲೆ ಕೊಡುತ್ತಾರೆ, ಒಲಿಸಿಕೊಳ್ಳಲು ಕೊಡುವುದಿಲ್ಲ. ಅವರು ಹೇಳಿದ್ದು ನಿಜ. ‘ಆರಾಧನೆ’ಯಲ್ಲಿರುವ ‘ಒಲಿಸಿಕೊಳ್ಳುವ’ ಅರ್ಥ ಕ್ರೈಸ್ತನಿಗೆ ಸ್ವಲ್ಪ ಇಕ್ಕಟ್ಟಿನದೇ. ಆದರೆ ಯಾವ ಭಾಷೆಯ ಶಬ್ದವೂ ಈ ಕೆಲಸಕ್ಕೆಂದೇ ಹುಟ್ಟಿಲ್ಲ. ಇಂಗ್ಲಿಷಿನ ‘ವರ್ಷಿಪ್’ ಕೂಡ ಯೋಗ್ಯತೆ, ಮರ್ಯಾದೆ ಎಂದು ಶುರುವಾಗಿ ಮ್ಯಾಜಿಸ್ಟ್ರೇಟರಿಗೂ ಸಲ್ಲುತ್ತಿತ್ತು. ನಮ್ಮಲ್ಲಿ ಸಿನಿಮಾ ನಟರು ಆರಾಧ್ಯ ದೈವ ಆಗಿಲ್ಲವೇ?

ಆದ್ದರಿಂದ ಪುಸ್ತಿಕೆಯಲ್ಲಿ ಶಬ್ದವನ್ನು ಉಳಿಸಿಕೊಂಡು, ಸುತ್ತಲಿನ ವಾಕ್ಯಗಳನ್ನು ತಿದ್ದಬೇಕೆಂದಿದ್ದೇನೆ. ‘ಆರಾಧನೆಗೆ ಹೋಗುವುದು’ ಇರುವ ಕಡೆ ‘ಸಭೆ ಕೂಡುವುದು’, ‘ಆರಾಧನೆ ಮುಗಿದ ಮೇಲೆ’ ಇರುವ ಕಡೆ ‘ಹಾಡಿದ ಮೇಲೆ’. ಹಾಗೆ ಮಾಡಿದರೆ ‘ಆರಾಧನೆ’ ಪೌಲನ ವಚನಕ್ಕೆ ಖಾಲಿಯಾಗಿ ಸಿಗುತ್ತದೆ ಎಂಬ ಆಸೆ.

ಬಳಗದವರಲ್ಲಿ ನನ್ನ ಬೇಡಿಕೆ ಇಷ್ಟು. 1831ರಲ್ಲಿ ಬಳ್ಳಾರಿಯಲ್ಲಿ ಮೊದಲು ಪೂರ್ತಿಯಾಗಿ ಬಂದ, ಮಿಶನರಿಗಳಾದ ಹ್ಯಾಂಡ್ಸ್ ಮತ್ತು ರೀವ್ ಅವರ ಕನ್ನಡ ಬೈಬಲ್ ಯಾರ ಕೈಗಾದರೂ ಎಟುಕುತ್ತದೆಯೇ? ರೋಮಾಪುರದವರಿಗೆ ಬರೆದ ಪತ್ರದ ಈ ವಚನದಲ್ಲಿ ಅವರು ಹಾಕಿದ ಶಬ್ದ ಯಾವುದು ನೋಡಿ ಹೇಳಿ. ಜೈನ ಮನೆಗಳಲ್ಲಿ ಇಂದಿಗೂ ಮಾತಿನಲ್ಲಿ ಆರಾಧನೆ ಆ ಹಳೆಯ ಅರ್ಥದಲ್ಲಿ ಬರುತ್ತದೆಯೇ, ಅಥವಾ ಅದು ಉಪವಾಸವಿದ್ದು ದೇಹ ಬಿಡುವ ‘ಸಲ್ಲೇಖನ’ದ ಹಿಂದೆ ಮರೆಯಾಯಿತೇ? ಕೊಡಗು, ಕೊಳ್ಳೇಗಾಲ, ಬೀದರ ಕಡೆಯ ಕ್ರೈಸ್ತರು ಭಾನುವಾರ ಬೆಳಿಗ್ಗೆ ಎಲ್ಲಿಗೆ ಹೊರಟೆವು ಅನ್ನುತ್ತಾರೆ? ನನ್ನ ಅಜ್ಜಿ ‘ಆರಾಧನೆ’ ಅಂದದ್ದನ್ನು ನಾನು ಕೇಳಿಯೇ ಇಲ್ಲ. ಆಕೆ ಸೆರಗು ಹೊದ್ದು ಹೊರಡುವಾಗ ಅನ್ನುತ್ತಿದ್ದದ್ದು, “ದೇವರ ಹತ್ರ ಹೋಗಿ ಬರ್ತೇನಿ.” ಪುಸ್ತಿಕೆ ಅಚ್ಚಿಗೆ ಹೋಗಲು ಇನ್ನೂ ಎರಡು ವಾರವಿದೆ.