ಕಾರಿನ ಬ್ರೇಕ್ ಪ್ಯಾಡ್, ಶೂ ಬದಲಿಸಿದ ಮೇಲೆ ಎಬಿಎಸ್ ದೀಪ ಹತ್ತಿ ನಿಲ್ಲುತ್ತಿದೆ, ಪೆಡಲ್ ಕೂಡ ಮೆತ್ತಗಿದೆ

ತುಂಗಾತೀರ (ತೀರ್ಥಹಳ್ಳಿ)

ಕಾರು 2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 78 ಸಾವಿರ ಕಿ.ಮೀ. ಓಡಿದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್. ಮುಂದಿನ ಡಿಸ್ಕ್ ಮತ್ತು ಪ್ಯಾಡ್, ಹಿಂದಿನ ಶೂ ಎಲ್ಲ ಮನೆಯಲ್ಲೇ ಹೊಸದು ಹಾಕಿದ್ದು. ಬ್ರೇಕ್ ಆಯಿಲ್ ಕಪ್ಪಾಗಿದ್ದರಿಂದ ಅದನ್ನೂ ಬದಲಿಸಿ ಏರ್ ತೆಗೆದಿದ್ದೇನೆ. ಏರ್ ತೆಗೆಯುವಾಗ ಒಮ್ಮೆ ಮೇಲಿನ ಆಯಿಲ್ ಡಬ್ಬಿ ಪೂರ್ತಿ ಖಾಲಿಯಾಗಿತ್ತು.

ಈಗ ಕೀ ತಿರುಗಿಸಿದಾಗ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಹತ್ತಿ ಆರುತ್ತದೆ. ಕಾರು 15-20 ಕಿ.ಮೀ. ವೇಗಕ್ಕೆ ಬಂದ ಕೂಡಲೇ ಮತ್ತೆ ಹತ್ತಿ ಹಾಗೇ ಉಳಿಯುತ್ತದೆ. ಕೆಂಪು ಬ್ರೇಕ್ ದೀಪ ಹತ್ತಿಲ್ಲ. ಪೆಡಲ್ ಮೊದಲ ಸಲ ಅರ್ಧಕ್ಕಿಂತ ಕೆಳಗೆ ಹೋಗುತ್ತದೆ, ಮೂರು ಸಲ ಒತ್ತಿದರೆ ಮೇಲೆ ಬರುತ್ತದೆ. ಮುಂದಿನ ಎಡ ಚಕ್ರದ ವೇಗ ಅಳೆಯುವ ಸೆನ್ಸರ್‌ಗೆ ಮಲ್ಟಿಮೀಟರ್ ಹಿಡಿದರೆ ಓಮ್ ಏನೂ ತೋರಿಸುತ್ತಿಲ್ಲ. ಸೆನ್ಸರ್ ಹೋಗಿದೆಯೇ, ಹೊಸದು ತರಿಸಲೇ? ಮುಂದಿನ ವಾರ ಆಗುಂಬೆ ಇಳಿದು ಉಡುಪಿಗೆ ಹೋಗುವುದಿದೆ.

ಕೆಮ್ಮಣ್ಣು (ಸಾಗರ)

ಸೆನ್ಸರ್ ಆಮೇಲೆ ನೋಡೋಣ, ಮೊದಲು ಪೆಡಲ್ ನೋಡಿ ಮಾರಾಯ್ರೆ. ಇವು ಎರಡು ಬೇರೆ ಬೇರೆ ತೊಂದರೆ. ಪೈಪಿನಲ್ಲಿ ಗಾಳಿ ಇದೆ ಅಂತ ನಿಮ್ಮ ಕಾರಿನ ಎಬಿಎಸ್ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ, ಹಾಗಾಗಿ ಗಾಳಿಯಿಂದ ಆ ಹಳದಿ ದೀಪ ಹತ್ತಿಲ್ಲ. ಎಬಿಎಸ್ ಕೆಲಸ ಮಾಡದಿದ್ದರೂ ಮಾಮೂಲಿ ಬ್ರೇಕ್ ಹಿಡಿಯುತ್ತದೆ. ಆದರೆ ಈ ಪೆಡಲ್ ಇಟ್ಟುಕೊಂಡು ಆಗುಂಬೆಯ 14 ತಿರುವು ಇಳಿಯುವುದು ಖಂಡಿತ ಬೇಡ.

ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು ಪೆಡಲ್ ಒತ್ತಿ ನೋಡಿ. ಮೊದಲ ಒತ್ತಿಗೇ ಮೇಲೆ ನಿಂತರೆ ಹಿಂದಿನ ಶೂ ಡ್ರಮ್ಮಿನಿಂದ ದೂರ ಇದೆ ಎಂದರ್ಥ. ಹೊಸ ಶೂ ಹಾಕಲು ಅಡ್ಜಸ್ಟರ್ (ಶೂ ಹೊರಗೆ ತಳ್ಳುವ ತಿರುಪು) ಒಳಗೆ ತಿರುಗಿಸಿರುತ್ತೇವೆ, ಆಮೇಲೆ ಹೊರಗೆ ತರುವುದು ಮರೆತಿರುತ್ತೇವೆ. ಡ್ರಮ್ ಹಾಕಿ ಕೈಯಲ್ಲಿ ತಿರುಗಿಸಿದಾಗ ಶೂ ಸಣ್ಣಗೆ ಸವರುವ ಸದ್ದು ಬರಬೇಕು, ಆದರೆ ಚಕ್ರ ಬಿಗಿಯಬಾರದು. ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿ ಮಾಡುವುದು ಇದಾದ ಮೇಲೆಯೇ. ಕೇಬಲ್ ಎಳೆದು ಶೂ ಸರಿಮಾಡಲು ಹೋದರೆ ಅಡ್ಜಸ್ಟರ್ ಕೆಲಸವೇ ಮಾಡುವುದಿಲ್ಲ.

ಹ್ಯಾಂಡ್‌ಬ್ರೇಕ್ ಎಳೆದರೂ ಪೆಡಲ್ ಸ್ಪಂಜಿನ ಹಾಗಿದ್ದರೆ ಗಾಳಿ. ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗೆ ಇಳಿಯುತ್ತಿದ್ದರೆ ಎಲ್ಲೋ ಸೋರಿಕೆ, ಇಲ್ಲವೇ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಹೋಗಿದೆ. ಹಳೇ ಕಾರಿನಲ್ಲಿ ಏರ್ ತೆಗೆಯುವಾಗ ಪೆಡಲನ್ನು ನೆಲಕ್ಕೆ ಮುಟ್ಟಿಸಿದರೆ ಒಳಗಿನ ರಬ್ಬರ್ ಎಂದೂ ಹೋಗದ, ತುಕ್ಕು ಹಿಡಿದ ಜಾಗಕ್ಕೆ ಹೋಗಿ ಹರಿಯುತ್ತದೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟುಕೊಂಡರೆ ಆ ಭಯ ಇಲ್ಲ.

ಇನ್ನೊಂದು, ಮುಂದಿನ ಕ್ಯಾಲಿಪರಿನ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಏರ್ ನಿಪ್ಪಲ್ ಮೇಲ್ಗಡೆಗೆ ಇದೆಯೇ ನೋಡಿ. ಎಡದ್ದು ಬಲಕ್ಕೆ ಅದಲು ಬದಲಾದರೆ ನಿಪ್ಪಲ್ ಕೆಳಗೆ ಬರುತ್ತದೆ. ಮೇಲೆ ಕೂತ ಗಾಳಿ ಎಷ್ಟು ಆಯಿಲ್ ಸುರಿದರೂ ಹೊರಗೆ ಬರುವುದಿಲ್ಲ.

ಹತ್ತನೇ ನಂಬರ್ ಸ್ಪ್ಯಾನರ್ (ಶಿವಮೊಗ್ಗ)

ಸೆನ್ಸರ್ ತರಿಸಬೇಡಿ. ಓಮ್ ತೋರಿಸಲಿಲ್ಲ ಅಂದ ಮಾತ್ರಕ್ಕೆ ಕೆಟ್ಟಿದೆ ಅಂತಲ್ಲ. ಹಳೇ ಕಾಲದ ಸುರುಳಿ ಸೆನ್ಸರ್ ಆದರೆ ಸುಮಾರು 800ರಿಂದ 2000 ಓಮ್ ತೋರಿಸುತ್ತಿತ್ತು, ಚಕ್ರ ತಿರುಗಿಸಿದರೆ ಎಸಿ ವೋಲ್ಟೇಜೂ ಬರುತ್ತಿತ್ತು. ಈಚಿನ ಕಾರುಗಳಲ್ಲಿ ಬಹುಪಾಲು ಇರುವುದು ಆಕ್ಟಿವ್ ಸೆನ್ಸರ್. ಅದರೊಳಗೆ ಎಲೆಕ್ಟ್ರಾನಿಕ್ ಚಿಪ್ ಇದೆ, ಓಮ್ ಅಳತೆಗೆ ಅರ್ಥವಿಲ್ಲ. ಇನ್ನು ಮುಂದೆ ಅದಕ್ಕೆ ಓಮ್ ಮೀಟರ್ ಹಿಡಿಯಲೂ ಬೇಡಿ. ಬಲಗಡೆಯದೂ ಹಾಗೇ ತೋರಿಸುತ್ತದೆ ಅಂತ ನನ್ನ ಅಂದಾಜು. ನೋಡಬೇಕಾದ್ದು ಬೇರೆ: ಕಪ್ಲರ್ ಬಿಚ್ಚಿ, ಕೀ ಆನ್ ಮಾಡಿ, ಕಾರಿನ ಕಡೆಯ ವೈರಿನಲ್ಲಿ ಕರೆಂಟ್ ಬರುತ್ತಿದೆಯೇ ಅಂತ ಡಿಸಿ ವೋಲ್ಟ್‌ನಲ್ಲಿ ನೋಡಿ. ಸಾಮಾನ್ಯವಾಗಿ ಬ್ಯಾಟರಿ ವೋಲ್ಟೇಜಿನ ಹತ್ತಿರ ಇರುತ್ತದೆ. ನಾಲ್ಕೂ ಚಕ್ರ ಹೋಲಿಸಿದರೆ ಗೊತ್ತಾಗುತ್ತದೆ.

ದೀಪ ಹತ್ತುವ ಸಮಯವೇ ಅರ್ಧ ಉತ್ತರ ಹೇಳುತ್ತಿದೆ. ವೈರ್ ತುಂಡಾಗಿದ್ದರೆ, ಕಪ್ಲರ್ ಬಿಟ್ಟಿದ್ದರೆ, ಫ್ಯೂಸ್ ಹೋಗಿದ್ದರೆ ಸಾಮಾನ್ಯವಾಗಿ ಕೀ ಹಾಕಿದಾಗಿನಿಂದಲೇ ದೀಪ ಆರುವುದಿಲ್ಲ. ನಿಮ್ಮದು ಆರಿ, ಓಡಿಸಿದ ಮೇಲೆ ಹತ್ತುತ್ತಿದೆ. ಅಂದರೆ ವೈರ್ ಸರಿ ಇದೆ, ಯಾವುದೋ ಒಂದು ಚಕ್ರದ ವೇಗ ಮಾತ್ರ ಓದಲು ಆಗುತ್ತಿಲ್ಲ.

ಡಿಸ್ಕ್ ಕೂರಿಸುವ ಮೊದಲು ಹಬ್ಬಿನ ತುಕ್ಕನ್ನು ವೈರ್ ಬ್ರಷ್ಷಿನಲ್ಲಿ ತೆಗೆದಿರುತ್ತೀರಿ. ತೆಗೆಯಲೇಬೇಕು, ಇಲ್ಲದಿದ್ದರೆ ಡಿಸ್ಕ್ ಓಲಾಡುತ್ತದೆ. ಆದರೆ ಆ ಕಬ್ಬಿಣದ ಪುಡಿ ಕೆಳಗೆ ಬೀಳುವ ಜಾಗದಲ್ಲೇ ಸೆನ್ಸರ್ ಓದುವ ಬೇರಿಂಗಿನ ಅಯಸ್ಕಾಂತದ ರಿಂಗ್ ಇರುತ್ತದೆ, ಪುಡಿ ಹೋಗಿ ಅಲ್ಲಿ ಅಂಟಿಕೊಳ್ಳುತ್ತದೆ. ಹಿಂದಿನ ಡ್ರಮ್ಮಿನಲ್ಲೇ ಬೇರಿಂಗ್ ಮತ್ತು ರಿಂಗ್ ಇರುವ ಕಾರುಗಳೂ ಇವೆ. ಅಂಥ ಡ್ರಮ್ಮನ್ನು ನೆಲಕ್ಕೆ ಕವುಚಿ ಇಡುವುದು, ಸ್ಕ್ರೂ ಹಾಕಿಡುವ ಮ್ಯಾಗ್ನೆಟ್ ತಟ್ಟೆಯ ಹತ್ತಿರ ತರುವುದು ಬೇಡ, ರಿಂಗಿನ ಅಯಸ್ಕಾಂತವೇ ಕೆಡಬಹುದು.

ಕಾರಿನ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಬೇಕು. ಅಗ್ಗದ ಬ್ಲೂಟೂತ್ ಅಡಾಪ್ಟರ್ ಬಹಳ ಸಲ ಎಂಜಿನ್ ಕೋಡ್ ಮಾತ್ರ ಓದುತ್ತದೆ. ಎಬಿಎಸ್ ಓದುವಂಥದ್ದು ಇಲ್ಲಿ ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆ ಕೇಳಿ ನೋಡಿ. ಕೋಡ್ ಅಷ್ಟೇ ನೋಡಿ ಬರಬೇಡಿ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ನೇರ ರಸ್ತೆಯಲ್ಲಿ 25-30ರಲ್ಲಿ ಓಡಿಸಿ, ನಾಲ್ಕೂ ಚಕ್ರದ ವೇಗ ಒಟ್ಟಿಗೆ ನೋಡಲು ಹೇಳಿ. ಮೂರು 28 ತೋರಿಸಿ ಒಂದು ಸೊನ್ನೆಗೆ ಬೀಳುತ್ತಿದ್ದರೆ ಅದೇ ಚಕ್ರ.

ತುಂಗಾತೀರ

ಹ್ಯಾಂಡ್‌ಬ್ರೇಕ್ ಎಳೆದಾಗ ಪೆಡಲ್ ತುಂಬಾ ಮೇಲೆ ಬಂತು. ಎರಡೂ ಕಡೆ ಅಡ್ಜಸ್ಟರ್ ಹೊರಗೆ ತಂದೆ. ಈಗ ಮೊದಲ ಒತ್ತಿಗೇ ನಿಲ್ಲುತ್ತದೆ, ಆದರೂ ಕೊನೆಯಲ್ಲಿ ಸ್ವಲ್ಪ ಮೆತ್ತಗಿದೆ. ಬಲಗಡೆ ಸೆನ್ಸರೂ ಓಮ್ ತೋರಿಸುತ್ತಿಲ್ಲ, ನೀವು ಹೇಳಿದ ಹಾಗೇ. ಕೋಡ್ ಸಿ0035 ಬಂತು, ಅಂದರೆ ಎಡ ಮುಂದಿನ ಚಕ್ರದ ವೇಗದ ಸೆನ್ಸರ್. ಎಡ ಮುಂದಿನ ಸೆನ್ಸರ್ ಬಿಚ್ಚಿದಾಗ ತುದಿಯಲ್ಲಿ ಕಬ್ಬಿಣದ ಪುಡಿ ಗಡ್ಡದ ಹಾಗೆ ನಿಂತಿತ್ತು. ಒರೆಸಿ ಹಾಕಿ, ಕೋಡ್ ಅಳಿಸಿದ ಮೇಲೆ ದೀಪ ಹತ್ತಿಲ್ಲ.

ಈಗ ಹೊಸ ತೊಂದರೆ: ಕಾರು ನಿಲ್ಲುವ ಮುಂಚೆ, 6-8 ಕಿ.ಮೀ. ವೇಗದಲ್ಲಿ, ಒಣ ರಸ್ತೆಯಲ್ಲೂ ಪೆಡಲ್ ಗರ್ರ್ ಅಂತ ನಡುಗುತ್ತದೆ.

ಹತ್ತನೇ ನಂಬರ್ ಸ್ಪ್ಯಾನರ್ (ಶಿವಮೊಗ್ಗ)

ಅದು ಎಬಿಎಸ್ ಸುಮ್ಮನೆ ಎದ್ದು ಕೂರುವುದು. ಖಾತ್ರಿಗೆ ಎಬಿಎಸ್ ಫ್ಯೂಸ್ ತೆಗೆದು ಖಾಲಿ ಮೈದಾನದಲ್ಲಿ ನಿಧಾನ ಓಡಿಸಿ ನಿಲ್ಲಿಸಿ. ನಡುಕ ಹೋದರೆ ಸೆನ್ಸರ್ ಕಡೆಯದು, ಉಳಿದರೆ ಡಿಸ್ಕ್ ಓಲಾಟ. ವೇಗ ಇಳಿದಾಗ ಸಿಗ್ನಲ್ ಕಡಿದು ಹೋದರೆ ಕಂಪ್ಯೂಟರ್ ಆ ಚಕ್ರ ಲಾಕ್ ಆಯಿತು ಅಂತ ತಿಳಿದು ಬ್ರೇಕ್ ಬಿಡಿಸುತ್ತದೆ, ಅದರಿಂದ ನಿಲ್ಲುವ ದೂರವೂ ಹೆಚ್ಚುತ್ತದೆ. ಸಣ್ಣದು ಅಂತ ಬಿಡಬೇಡಿ.

ತುದಿ ಒರೆಸಿದ್ದು ಸಾಲದು. ನಮ್ಮ ಮಳೆಗೆ ಸೆನ್ಸರ್ ಕೂರುವ ಜಾಗದಲ್ಲಿ ತುಕ್ಕು ಪದರ ಪದರವಾಗಿ ಎದ್ದು ಸೆನ್ಸರನ್ನು ಮೇಲೆ ತಳ್ಳಿರುತ್ತದೆ. ರಿಂಗಿಗೂ ತುದಿಗೂ ನಡುವೆ ಇರಬೇಕಾದ್ದು ಹೆಚ್ಚೆಂದರೆ ಒಂದು, ಒಂದೂವರೆ ಮಿ.ಮೀ., ಅರ್ಧ ಮಿ.ಮೀ. ಎದ್ದರೂ ಸಾಕು ಸಿಗ್ನಲ್ ಕೆಡಲು. ಆ ಜಾಗವನ್ನು ಎಮರಿ ಪೇಪರಿನಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ, ತೂತಿಗೆ ಬಟ್ಟೆ ತುರುಕಿಕೊಂಡು. ರಿಂಗನ್ನು ಬ್ರೇಕ್ ಕ್ಲೀನರ್ ಹಾಕಿದ ಬಟ್ಟೆಯಿಂದ ಒಂದು ಸುತ್ತು ಒರೆಸಿ. ಬೋಲ್ಟಿನಿಂದ ಸೆನ್ಸರನ್ನು ಒಳಗೆ ಎಳೆಯಬೇಡಿ, ಪ್ಲಾಸ್ಟಿಕ್ ಒಡೆಯುತ್ತದೆ. ಕೈಯಲ್ಲೇ ತಳ ಮುಟ್ಟಿಸಿ ಆಮೇಲೆ ಬೋಲ್ಟ್.

ಕೆಮ್ಮಣ್ಣು (ಸಾಗರ)

ಉಳಿದ ಆ ಮೆತ್ತನೆ ಎಬಿಎಸ್ ಬ್ಲಾಕ್ (ಅದರ ವಾಲ್ವ್, ಪಂಪ್ ಇರುವ ಪೆಟ್ಟಿಗೆ) ಒಳಗೆ ಸಿಕ್ಕ ಗಾಳಿ ಇರಬಹುದು, ಡಬ್ಬಿ ಖಾಲಿಯಾಗಿತ್ತಲ್ಲ. ಮೊದಲು ಮಾಮೂಲಿಯಾಗಿ ಇನ್ನೊಮ್ಮೆ ಏರ್ ತೆಗೆಯಿರಿ. ಕ್ರಮ ನಿಮ್ಮ ಕಾರಿನ ಪುಸ್ತಕದಲ್ಲಿ ಇರುವ ಹಾಗೆ. ಪುಸ್ತಕ ಇಲ್ಲದಿದ್ದರೆ ದೂರದ ಹಿಂದಿನ ಎಡದಿಂದ ಶುರು ಮಾಡಿ. ಆಯಿಲ್ ಒಂದು ಲೀಟರ್ ಇಟ್ಟುಕೊಳ್ಳಿ, ಡಬ್ಬಿ ಅರ್ಧಕ್ಕಿಂತ ಕೆಳಗೆ ಹೋಗಲು ಬಿಡಬೇಡಿ. ಆಮೇಲೂ ಮೆತ್ತಗಿದ್ದರೆ ಬ್ಲಾಕಿನೊಳಗಿನ ವಾಲ್ವ್, ಪಂಪ್ ಓಡಿಸಿ ಏರ್ ತೆಗೆಯುವ ಆಯ್ಕೆ ಸ್ಕ್ಯಾನರಿನಲ್ಲಿ ಇರುತ್ತದೆ, ಅದನ್ನು ಮಾಡಿಸಿ ಮತ್ತೆ ನಾಲ್ಕೂ ಚಕ್ರದ ಏರ್ ತೆಗೆಯಿರಿ.

ಆಗಷ್ಟೇ ಸೀಲ್ ಒಡೆದ ಹೊಸ ಡಾಟ್ 4 ಬ್ರೇಕ್ ಆಯಿಲ್ ಬಾಟಲಿಯೇ ಹಾಕಿ, ಡಬ್ಬಿಯ ಮುಚ್ಚಳದಲ್ಲಿ ಡಾಟ್ 3 ಅಂತಿದ್ದರೂ ನಡೆಯುತ್ತದೆ. ಡಾಟ್ 5 ಮಾತ್ರ ಬೇಡವೇ ಬೇಡ, ಅದು ಸಿಲಿಕೋನ್, ಇದರ ಜೊತೆ ಬೆರೆಯುವುದಿಲ್ಲ. ಹೋದ ವರ್ಷ ತೆರೆದಿಟ್ಟ ಬಾಟಲಿ ಮಳೆಗಾಲ ಕಳೆಯುವಷ್ಟರಲ್ಲಿ ನೀರು ಹೀರಿರುತ್ತದೆ. ಡಾಟ್ 4 ಹೊಸದರಲ್ಲಿ ಕನಿಷ್ಠ 230 ಡಿಗ್ರಿಗೆ ಕುದಿಯಬೇಕು. ಸುಮಾರು 3.7 ಶೇಕಡಾ ನೀರು ಸೇರಿದಾಗಿನ ಕನಿಷ್ಠ ಮಿತಿ 155. ಘಾಟಿಯಲ್ಲಿ ಬ್ರೇಕ್ ಮೇಲೆಯೇ ಇಳಿದರೆ ಆ ಬಿಸಿ ಬರುವುದು ಕಷ್ಟವಲ್ಲ, ಆಯಿಲ್ ಕುದ್ದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡನೇ ಗೇರಿನಲ್ಲೇ ಇಳಿಯಿರಿ.

ಹೊರಡುವ ಹಿಂದಿನ ದಿನ ಎಂಜಿನ್ ಆನ್ ಇಟ್ಟು ಪೆಡಲನ್ನು ಗಟ್ಟಿಯಾಗಿ ಒಂದು ನಿಮಿಷ ಒತ್ತಿ ಹಿಡಿದು, ಆಮೇಲೆ ನಾಲ್ಕೂ ಚಕ್ರದ ಒಳಬದಿ, ನಿಪ್ಪಲ್, ಹೋಸ್ ಬೋಲ್ಟ್ ಎಲ್ಲ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಎಲ್ಲಾದರೂ ಒದ್ದೆ ಕಂಡರೆ ಅವತ್ತು ಬಸ್ಸಿಗೆ ಹೋಗಿ.